ಗೋಡೆ ಇರುವ ಕ್ಯಾನ್ವಾಸ್ ಡೇರೆ ಕೊಳ್ಳಬೇಕೆಂದಿದ್ದೇವೆ: ಯಾವ ಬಟ್ಟೆ, ಯಾವ ಅಳತೆ?

ಗುಬ್ಬಿಗೂಡು, ತುಮಕೂರು:

ನಾವು ನಾಲ್ವರು ಗೆಳೆಯರು. ಏಳೆಂಟು ವರ್ಷಗಳಿಂದ ತಿಂಗಳಿಗೊಮ್ಮೆಯಾದರೂ ಬೆಟ್ಟದ ಬುಡ, ಕೆರೆಯಂಗಳ, ಪರಿಚಿತರ ತೋಟ ಎಂದು ಹೋಗಿ ಒಂದು ರಾತ್ರಿ ಕಳೆದು ಬರುವ ರೂಢಿ. ಇದುವರೆಗೆ ನೈಲಾನಿನ ಗುಮ್ಮಟದಂಥ ಟೆಂಟುಗಳೇ. ಈಗ ಇಬ್ಬರಿಗೆ ಸೊಂಟ ನೋವು, ಒಬ್ಬನಿಗೆ ಮಂಡಿ ನೋವು, ನನಗೆ ಇಬ್ಬರು ಮಕ್ಕಳು. ತೆವಳಿಕೊಂಡು ಒಳಗೆ ಹೋಗಿ, ಮಲಗಿಕೊಂಡೇ ಪ್ಯಾಂಟು ಹಾಕಿಕೊಳ್ಳುವ ವಯಸ್ಸು ದಾಟಿತು. ಬೆಳಗಿನ ಜಾವ ಟೆಂಟಿನ ಒಳಮೈ ಬೆವೆತು ಮುಖದ ಮೇಲೆ ತೊಟ್ಟಿಕ್ಕುವ ಕಾಟ ಬೇರೆ.

ಹೀಗಾಗಿ ಕ್ಯಾನ್ವಾಸ್ ಡೇರೆಯ ಮೇಲೆ ಕಣ್ಣು ಬಿದ್ದಿದೆ. ಅಮೆರಿಕದ ಬೇಟೆಗಾರರು ಹಿಮದ ಕಾಡಿನಲ್ಲಿ ಹಾಕಿಕೊಳ್ಳುತ್ತಾರಲ್ಲ, ನೆಟ್ಟಗೆ ನಿಂತ ನಾಲ್ಕು ಗೋಡೆ, ಮೇಲೆ ಇಳಿಜಾರು ಮಾಡು, ಒಳಗೆ ಮಂಚ, ಮೂಲೆಯಲ್ಲಿ ತಗಡಿನ ಸೌದೆ ಒಲೆ, ಮಾಡು ತೂರಿ ಹೊರಬಂದ ಹೊಗೆಕೊಳವೆ, ಅಂಥದ್ದು. ಆ ವಿಡಿಯೊಗಳು ನಮ್ಮ ಮನೆಯವರಿಗೂ ಬಾಯಿಪಾಠವಾಗಿವೆ.

ನನ್ನ ಪ್ರಶ್ನೆಗಳು: ಬಟ್ಟೆ 10 ಔನ್ಸಿನದೋ 12 ಔನ್ಸಿನದೋ? ಅಳತೆ 10ಕ್ಕೆ 12 ಅಡಿಯೋ 12ಕ್ಕೆ 14 ಅಡಿಯೋ? ಒಲೆಯ ಕೊಳವೆಗೆ ತೂತು ಬೇಕೇ? ಹೊರದೇಶದಿಂದ ತರಿಸುವುದೋ ಇಲ್ಲೇ ಹೊಲಿಸುವುದೋ? ನಾಲ್ವರು ಹಂಚಿಕೊಳ್ಳುವುದರಿಂದ ಹಣದ ಚಿಂತೆ ಅಷ್ಟಿಲ್ಲ, ಆದರೆ ಒಮ್ಮೆ ಕೊಂಡರೆ ಹದಿನೈದು ವರ್ಷ ಬಾಳಬೇಕು.

ಹಾಸುಬಂಡೆ, ಮಧುಗಿರಿ:

ನಾಲ್ಕು ಪ್ರಶ್ನೆ ಕೇಳಿದ್ದೀರಿ, ಐದನೆಯದನ್ನು ಬಿಟ್ಟಿದ್ದೀರಿ. ಹೊರುವವರು ಯಾರು?

ಆ ವಿಡಿಯೊಗಳಲ್ಲಿ ಡೇರೆ ತಾನಾಗಿ ಕಾಡಿಗೆ ನಡೆದು ಹೋಗಿರುವುದಿಲ್ಲ. ಹೇಸರಗತ್ತೆಯ ಬೆನ್ನ ಮೇಲೋ ಪಿಕಪ್ ಗಾಡಿಯಲ್ಲೋ ಹೋಗಿರುತ್ತದೆ. ಒಮ್ಮೆ ಹಾಕಿದರೆ ಬೇಟೆಯ ಕಾಲ ಮುಗಿಯುವವರೆಗೆ ಅಲ್ಲೇ ನಿಂತಿರುತ್ತದೆ. ನೀವು ಶನಿವಾರ ಸಂಜೆ ಹಾಕಿ ಭಾನುವಾರ ಮಧ್ಯಾಹ್ನ ಕೀಳುವವರು. ಅರ್ಧ ಕ್ವಿಂಟಲ್ ಡೇರೆಯನ್ನು ಹೊತ್ತು ಚನ್ನರಾಯನದುರ್ಗದ ಏರು ಹತ್ತುವ ಗಂಡು ನಿಮ್ಮ ನಾಲ್ವರಲ್ಲಿ ಯಾರೆಂದು ಮೊದಲು ತೀರ್ಮಾನವಾಗಲಿ. ಸೊಂಟ ಮಂಡಿ ಎಂದು ಮೂವರನ್ನು ನೀವೇ ತೆಗೆದುಹಾಕಿದ್ದೀರಿ, ಉಳಿದವರು ಮಕ್ಕಳನ್ನು ಎತ್ತಿಕೊಳ್ಳಬೇಕು.

ಎರಡನೆಯದು ನಮ್ಮ ನೆಲ. ರಾಮನಗರ, ದೇವರಾಯನದುರ್ಗ, ಮಧುಗಿರಿ, ಪಾವಗಡದ ಮೂಲಕ ಹಾಯುವುದು ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ, ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಬೆಟ್ಟದ ಹತ್ತಿರ ಹೋದಷ್ಟೂ ಅರ್ಧ ಅಡಿ ಮಣ್ಣು, ಅದರ ಕೆಳಗೆ ಬಂಡೆ. ಗುಮ್ಮಟದ ಟೆಂಟು ಗೂಟವಿಲ್ಲದಿದ್ದರೂ ತನ್ನ ಕಡ್ಡಿಗಳ ಬಲದಲ್ಲಿ ನಿಲ್ಲುತ್ತದೆ. ಗೋಡೆ ಡೇರೆಗೆ ಸುತ್ತಲೂ ಹತ್ತು ಹನ್ನೆರಡು ಕಡೆಯಾದರೂ ಹಗ್ಗ ಎಳೆದು ಕಟ್ಟಬೇಕು. ಗೂಟ ಇಳಿಯದ ನೆಲದಲ್ಲಿ ಆ ಹಗ್ಗವನ್ನು ಯಾವುದಕ್ಕೆ ಕಟ್ಟುತ್ತೀರಿ?

ಗುಬ್ಬಿಗೂಡು, ತುಮಕೂರು:

ಬೆಟ್ಟದ ಮೇಲಕ್ಕೆ ಹೊರುವ ಆಸೆ ಇಲ್ಲ ಸರ್. ಗೆಳೆಯನ ಬಳಿ ಬೊಲೆರೊ ಇದೆ. ಗಾಡಿ ಹೋಗುವವರೆಗೆ ಹೋಗಿ, ಅಲ್ಲಿ ಡೇರೆ ಹಾಕಿ, ಹಗಲು ಬೆಟ್ಟ ಹತ್ತಿ ಸಂಜೆಗೆ ಇಳಿಯುವುದು. ಅಷ್ಟೇ.

ಮಂಡಿಲೆಕ್ಕ, ಶ್ರೀನಿವಾಸಪುರ:

ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು. ತೂಕದ ಮಾತು ಬಂದರೆ ಸುಮ್ಮನಿರಲಾರೆ.

ಮೊದಲು ಔನ್ಸಿನ ಗೊಂದಲ ಕಳೆಯೋಣ. ಅವರ ಔನ್ಸು ಒಂದು ಚದರ ಗಜಕ್ಕೆ, ನಮ್ಮ ಅಂಗಡಿಗಳ ಜಿಎಸ್‌ಎಂ ಎಂದರೆ ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು. 1 ಔನ್ಸು ಎಂದರೆ ಹತ್ತಿರ ಹತ್ತಿರ 34 ಜಿಎಸ್‌ಎಂ. ಹಾಗಾಗಿ 10 ಔನ್ಸು 340, 12 ಔನ್ಸು 407.

10ಕ್ಕೆ 12 ಅಡಿಯ ಡೇರೆ, ಗೋಡೆ 5 ಅಡಿ, ನೆತ್ತಿ 8 ಅಡಿ ಎಂದುಕೊಳ್ಳಿ. ಸುತ್ತಿನ ಗೋಡೆ 220 ಚದರ ಅಡಿ, ಮಾಡಿನ ಎರಡು ಮಗ್ಗುಲು 140, ಮುಂದೆ ಹಿಂದೆ ಎರಡು ತ್ರಿಕೋನ ಸೇರಿ 30. ಒಟ್ಟು 390 ಚದರ ಅಡಿ, ಅಂದರೆ 36 ಚದರ ಮೀಟರ್. 340ರ ಬಟ್ಟೆಯಲ್ಲಿ 12.3 ಕೆ.ಜಿ., 407ರ ಬಟ್ಟೆಯಲ್ಲಿ 14.7 ಕೆ.ಜಿ. ಮಡಿಕೆ, ಹೊಲಿಗೆ, ಹಗ್ಗ, ಕೆಳಗಿನ ಪಟ್ಟಿ ಎಂದು ಇನ್ನೊಂದು ನಾಲ್ಕು ಕೆ.ಜಿ. ಸೇರಿಸಿ. ನೀವು ತಲೆ ಕೆಡಿಸಿಕೊಂಡಿರುವ 10 ಮತ್ತು 12 ಔನ್ಸಿನ ನಡುವಿನ ವ್ಯತ್ಯಾಸ ಎರಡೂವರೆ ಕೆ.ಜಿ.ಯೂ ಇಲ್ಲ. ಒಂದು ಕಲ್ಲಂಗಡಿ ಹಣ್ಣು.

ನಿಜವಾದ ಭಾರ ಚೌಕಟ್ಟಿನದು. ಆರು ಕಾಲು, ಆರು ಇಳಿಜಾರು ಕಂಬಿ, ಉದ್ದಕ್ಕೆ ಮೂರು ತೊಲೆ ಸೇರಿ ಸುಮಾರು 31 ಮೀಟರ್ ಪೈಪು ಬೇಕು. ತೆಳು ಗೋಡೆಯ ಒಂದು ಅಂಗುಲದ ಕಬ್ಬಿಣದ ಪೈಪು ಮೀಟರಿಗೆ ಮುಕ್ಕಾಲರಿಂದ ಒಂದು ಕೆ.ಜಿ. ತೂಗುತ್ತದೆ. ಅಲ್ಲಿಗೆ 23ರಿಂದ 31 ಕೆ.ಜಿ. ವೆಲ್ಡಿಂಗ್ ಅಂಗಡಿಯವರು ನೀರಿನ ಕೆಲಸದ ಜಿಐ ಪೈಪನ್ನೇ ಗಟ್ಟಿ ಎಂದು ಹಾಕಿಕೊಟ್ಟರೆ ಅದರ ಎರಡರಷ್ಟಾಗುತ್ತದೆ, ಎಚ್ಚರ.

ಇನ್ನು ಅಳತೆ. ಮಡಚುವ ಮಂಚದ ಉದ್ದ 6 ಅಡಿ 3 ಅಂಗುಲ. 12 ಅಡಿಯ ಗೋಡೆಗೆ ಎರಡು ಮಂಚ ಸಾಲಾಗಿ ಹಾಕಲು ಹೋದರೆ ಅರ್ಧ ಅಡಿ ಸಾಲುವುದಿಲ್ಲ. 14 ಅಡಿಯ ಗೋಡೆಗೆ ಎರಡು ಸಲೀಸಾಗಿ ಹಿಡಿದು ನಡುವೆ ಓಡಾಡಲು ದಾರಿಯೂ ಉಳಿಯುತ್ತದೆ. ಆದರೆ ಆ ಡೇರೆಗೆ ಬಟ್ಟೆಯೇ 500 ಚದರ ಅಡಿ. ನಾಲ್ವರೂ ಮಂಚದ ಮೇಲೆಯೇ ಮಲಗಬೇಕೋ, ಸೊಂಟ ನೋವಿನ ಇಬ್ಬರು ಮಾತ್ರವೋ ಎಂಬುದು ತೀರ್ಮಾನವಾದರೆ ಅಳತೆಯೂ ತೀರ್ಮಾನವಾಗುತ್ತದೆ.

ಹಳೇ ಸಿಪಾಯಿ, ಕೋಲಾರ:

ಮಂಡಿಯವರ ಲೆಕ್ಕ ಓದಿ ಹಳೆಯದು ನೆನಪಾಯಿತು. ಸೈನ್ಯದಲ್ಲಿ ನಾನು ಮಲಗಿದ್ದು ‘180 ಪೌಂಡರ್’ ಡೇರೆಯಲ್ಲಿ. 40 ಪೌಂಡರ್, 80 ಪೌಂಡರ್ ಎಂಬವೂ ಇದ್ದವು. ಬ್ರಿಟಿಷರ ಕಾಲದಿಂದ ಬಂದ ಹೆಸರುಗಳು. ಡೇರೆಯನ್ನು ಉದ್ದಗಲದಿಂದ ಕರೆಯದೆ ತೂಕದಿಂದ ಕರೆದರು, ಯಾಕೆಂದರೆ ಹೊರುವವನಿಗೆ ಬೇಕಾದದ್ದು ಆ ಲೆಕ್ಕ ಒಂದೇ. 180 ಪೌಂಡು ಎಂದರೆ 82 ಕೆ.ಜಿ.

ನಮ್ಮ ಸೈನ್ಯದ ಡೇರೆಯಲ್ಲಿ ಒಂದು ಜಾಣತನವಿದೆ. ಅದಕ್ಕೆ ಮಾಡು ಎರಡು. ಹೊರಗಿನದು ಬಿಸಿಲು ಮಳೆ ತಡೆಯುವುದಕ್ಕೆ, ಒಳಗಿನದಕ್ಕೆ ಹಳದಿ ದೋಸೂತಿ ಬಟ್ಟೆಯ ಅಸ್ತರಿ. ನಡುವೆ ಗೇಣುದ್ದ ಗಾಳಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಒಂಟಿ ಮಾಡಿನ ಕ್ಯಾನ್ವಾಸಿನಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ, ಆಮೇಲೆ ಜೋಡಿ ಮಾಡಿನದರಲ್ಲಿ ಕುಳಿತುಕೊಳ್ಳಿ. ಬಟ್ಟೆ ದಪ್ಪ ಮಾಡಿಸುವ ಬದಲು ಮಾಡನ್ನು ಎರಡಾಗಿಸಿ. ಹತ್ತಿ ಬಟ್ಟೆಯನ್ನು ತಿನ್ನುವುದು ಮಳೆಗಿಂತ ಹೆಚ್ಚಾಗಿ ಬಿಸಿಲು. ಮೇಲಿನ ಮಾಡು ಸವೆದರೆ ಅದೊಂದನ್ನೇ ಬದಲಿಸಬಹುದು, ಡೇರೆ ಉಳಿಯುತ್ತದೆ.

ಗೂಟದ ವಿಷಯ. ಗರಸು ನೆಲಕ್ಕೆ ಮರದ ಗೂಟ ಬೇಡ. ಮನೆ ಕಟ್ಟುವ 12 ಮಿ.ಮೀ. ಕಬ್ಬಿಣದ ಸರಳನ್ನು ಒಂದೂವರೆ ಅಡಿಗೆ ಕತ್ತರಿಸಿ, ತಲೆಯನ್ನು ಕೊಕ್ಕೆಯಂತೆ ಬಗ್ಗಿಸಿಕೊಳ್ಳಿ. ಡೇರೆಗೆ ಬೆನ್ನು ಮಾಡಿ ಓರೆಯಾಗಿ ಹೊಡೆಯಬೇಕು. ಬಂಡೆಯ ಮೇಲಾದರೆ ಗೋಣಿಚೀಲ. ಖಾಲಿ ಚೀಲ ಒಯ್ದು ಅಲ್ಲಿಯ ಮಣ್ಣನ್ನೇ ತುಂಬಿ ಹಗ್ಗ ಕಟ್ಟಿ, ಬರುವಾಗ ಸುರಿದು ಬನ್ನಿ. ಹತ್ತಿ ಅಥವಾ ನಾರಿನ ಹಗ್ಗವಾದರೆ ಮಲಗುವ ಮುನ್ನ ಒಂದಿಷ್ಟು ಸಡಿಲಿಸಿ. ಇಬ್ಬನಿಗೆ ನೆನೆದು ಕುಗ್ಗಿತೆಂದರೆ ಗೂಟವನ್ನೇ ಕಿತ್ತುಹಾಕುತ್ತದೆ. ಹೊಸಬರ ಡೇರೆ ನಡುರಾತ್ರಿ ಬೀಳುವುದು ಹೀಗೆ. ಉಳಿದವರು ಎದ್ದು ನಗುವುದು, ಆಮೇಲೆ ಸಹಾಯ ಮಾಡುವುದು ನಮ್ಮಲ್ಲಿ ವಾಡಿಕೆ.

ಶಾಮಿಯಾನದವರು, ಚಿಕ್ಕಬಳ್ಳಾಪುರ:

ಗುಬ್ಬಿಯ ಹೆಸರಿಟ್ಟುಕೊಂಡವರು ಡೇರೆಯ ವಿಷಯ ನಮ್ಮನ್ನು ಕೇಳುವಂತಾಯಿತೇ! 1884ರಲ್ಲಿ ನಾಟಕ ಕಂಪನಿ ಕಟ್ಟಿ ಊರೂರಿನಲ್ಲಿ ಕ್ಯಾಂಪು ಮಾಡಿದ ಊರು ನಿಮ್ಮದು.

ಅಪ್ಪನ ಕಾಲದಿಂದ ಮದುವೆ, ಜಾತ್ರೆ, ತಿಥಿ ಎಲ್ಲಕ್ಕೂ ಶಾಮಿಯಾನ ಹಾಕುವುದು ನಮ್ಮ ಕಸುಬು. ಈಗ ಬಹುಪಾಲು ಸಿಂಥೆಟಿಕ್. ಹತ್ತಿಯ ಕನಾತುಗಳು, ಅಂದರೆ ಸುತ್ತ ಕಟ್ಟುವ ಪರದೆಗಳು, ಕೆಲವೇ ಉಳಿದಿವೆ. ಆದರೂ ಬಟ್ಟೆಯ ಗುಣ ಕೈಗೆ ಗೊತ್ತು.

ತೂಕ ಮಾತ್ರ ಕೇಳಬೇಡಿ, ನೇಯ್ಗೆ ಕೇಳಿ. ಡೇರೆಗೆ ಬಳಸುವುದು ಡಕ್ ಎಂಬ ಬಿಗಿ ನೇಯ್ಗೆ. ಬಾತುಕೋಳಿಗೂ ಇದಕ್ಕೂ ಸಂಬಂಧವಿಲ್ಲ, ಡಚ್ ಭಾಷೆಯಲ್ಲಿ ಬಟ್ಟೆಗೆ ಇರುವ ಹೆಸರಿನಿಂದ ಬಂದದ್ದು. ಹಾಸು ಹೊಕ್ಕು ಎರಡರಲ್ಲೂ ಹುರಿಗೊಳಿಸಿದ ಜೋಡಿ ಎಳೆ ಇದ್ದರೆ ಒಳ್ಳೆಯದು. ಒಂಟಿ ಎಳೆಯದು ನೋಡಲು ಅಷ್ಟೇ ದಪ್ಪ, ಎಳೆದರೆ ಬೇಗ ಹರಿಯುತ್ತದೆ. ಅಗ್ಗದ ಬಟ್ಟೆಗೆ ಗಂಜಿ ಕುಡಿಸಿ ತೂಕ ಬರಿಸಿರುತ್ತಾರೆ. ಎರಡು ಕೈಯಲ್ಲಿ ಹಿಡಿದು ಗಸಗಸ ಉಜ್ಜಿದರೆ ಬಿಳಿ ಪುಡಿ ಉದುರುತ್ತದೆ.

ನಂಬಿಕೆಯ ಪರೀಕ್ಷೆ ಒಂದಿದೆ. ಒಂದು ಮೀಟರ್ ತುಂಡು ಕೊಂಡು, ಅಳೆದು, ತೂಗಿ, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ. ಹಿಂಡದೆ ಒಣಗಿಸಿ. ಮತ್ತೆ ಅಳೆಯಿರಿ, ಮತ್ತೆ ತೂಗಿ. ತೂಕ ಇಳಿದರೆ ಅದು ಗಂಜಿಯ ಪಾಲು. ಉದ್ದ ಇಳಿದರೆ ಅಷ್ಟು ನಿಮ್ಮ ಡೇರೆಯೂ ಕುಗ್ಗುತ್ತದೆ, ಚೌಕಟ್ಟಿಗೆ ಕೂರುವುದಿಲ್ಲ. ಆಮೇಲೆ ನಾಲ್ಕು ಮೂಲೆ ಹಿಡಿದು ತೊಟ್ಟಿಲು ಮಾಡಿ ಒಂದು ಚೊಂಬು ನೀರು ಸುರಿಯಿರಿ. ಮೊದಲು ನಾಲ್ಕು ಹನಿ ಇಳಿದು ಆಮೇಲೆ ನಿಂತರೆ ಬಟ್ಟೆ ಒಳ್ಳೆಯದು. ಹತ್ತಿ ನೂಲು ನೆನೆದಾಗ ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇದೇ ಕಾರಣಕ್ಕೆ ಹೊಸ ಡೇರೆಯನ್ನು ಮೊದಲ ಪ್ರವಾಸಕ್ಕೆ ಮುಂಚೆ ಹಾಕಿ, ಪೈಪಿನಿಂದ ನೀರು ಹೊಡೆದು, ಪೂರ್ತಿ ಒಣಗಲು ಬಿಡಬೇಕು. ಸೂಜಿಯ ತೂತುಗಳೂ ಆಗ ಮುಚ್ಚುತ್ತವೆ. ಮಳೆ ಸುರಿಯುವಾಗ ಒಳಗಿನಿಂದ ಮಾಡನ್ನು ಬೆರಳಿನಿಂದ ಮುಟ್ಟಬಾರದು. ಮುಟ್ಟಿದ ಕಡೆ ನೀರು ದಾರಿ ಮಾಡಿಕೊಂಡು ಸೋರುತ್ತದೆ. ಮಕ್ಕಳಿಗೆ ಇದನ್ನು ಹೇಳಲೇಬಾರದು, ಹೇಳಿದರೆ ಮುಟ್ಟಿಯೇ ನೋಡುತ್ತಾರೆ.

ನಮ್ಮ ಅಜ್ಜ ಪಟಿಕ ಮತ್ತು ಸಾಬೂನಿನ ನೀರಿನಲ್ಲಿ ಒಂದಾದ ಮೇಲೊಂದರಂತೆ ಅದ್ದಿ ಬಟ್ಟೆಗೆ ನೀರು ಹಿಡಿಯದಂತೆ ಮಾಡುತ್ತಿದ್ದರು. ಈಗ ಬೂಷ್ಟು ಮತ್ತು ನೀರು ತಡೆಯುವ ಲೇಪನದ ಬಟ್ಟೆಯೇ ಸಿಗುತ್ತದೆ. ಒಗೆಯುವ ಪುಡಿ ಹಾಕಿ ತೊಳೆದರೆ ಆ ಲೇಪನ ಹೋಯಿತು ಎಂದೇ ತಿಳಿಯಿರಿ. ಬೆಲೆ ಇಲ್ಲಿ ಬರೆಯುವುದಿಲ್ಲ, ನೂಲಿನ ದರದೊಂದಿಗೆ ಏರಿಳಿಯುತ್ತದೆ. ಲಾರಿ ಟಾರ್ಪಾಲು ಹೊಲಿಯುವವರು ಇದನ್ನೂ ಹೊಲಿಯುತ್ತಾರೆ. ದಪ್ಪ ಬಟ್ಟೆಯ ಮಷಿನ್ ಅವರ ಬಳಿಯೇ ಇರುವುದು.

ಚಳಿಗಾಲ, ಗೌರಿಬಿದನೂರು:

ಎಲ್ಲರೂ ಒಲೆಯ ವಿಷಯವನ್ನು ಜಾರಿಸುತ್ತಿದ್ದೀರಿ. ಡಿಸೆಂಬರಿನಲ್ಲಿ ನಂದಿಬೆಟ್ಟದ ಸುತ್ತಮುತ್ತ ರಾತ್ರಿ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮಕ್ಕಳಿದ್ದಾರೆ ಎಂದಿದ್ದಾರೆ. ಕೊಳವೆಗೆ ತೂತು ಇಡಿಸಿ, ಸಣ್ಣ ಸೌದೆ ಒಲೆ ಒಂದನ್ನು ಮಾಡಿಸಿ. ಗೋಡೆ ಡೇರೆಯ ಸುಖವೇ ಅದು. ಒಲೆ ಇಲ್ಲದಿದ್ದರೆ ಅದು ಶಾಮಿಯಾನ.

ಹಾಸುಬಂಡೆ, ಮಧುಗಿರಿ:

ಹತ್ತು ಡಿಗ್ರಿಗೆ ಒಲೆಯೇ? ಅವರಲ್ಲಿ ಸೊನ್ನೆಗಿಂತ ಇಪ್ಪತ್ತು ಕೆಳಗೆ ಇಳಿಯುತ್ತದೆ. ಇಲ್ಲಿ ಸ್ವೆಟರ್ ಸಾಕು.

ಚಳಿಗಾಲ, ಗೌರಿಬಿದನೂರು:

ನಿಮಗೆ ಸಾಕು. ಮೂರು ವರ್ಷದ ಮಗುವನ್ನು ಕೇಳಿ.

ಹಳೇ ಸಿಪಾಯಿ, ಕೋಲಾರ:

ಜಗಳ ಬೇಡ. ಕೊಳವೆ ಇರುವ ಮುಚ್ಚಿದ ಒಲೆ ಬೇರೆ, ಬಾಂಡಲಿಯಲ್ಲಿ ಇದ್ದಿಲು ಹಾಕಿ ಒಳಗಿಟ್ಟುಕೊಳ್ಳುವುದು ಬೇರೆ. ನಮ್ಮವರು ಮಾಡುವುದು ಎರಡನೆಯದನ್ನು. ಇದ್ದಿಲಿನಿಂದ ಏಳುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವನಿಗೆ ಎಚ್ಚರವೇ ಆಗುವುದಿಲ್ಲ. ಹತ್ತಿ ಬಟ್ಟೆ ಗಾಳಿಯಾಡುತ್ತದೆ ಎಂಬ ಧೈರ್ಯ ಬೇಡ, ನೆನೆದ ಕ್ಯಾನ್ವಾಸಿನಲ್ಲಿ ಗಾಳಿ ಓಡುವುದಿಲ್ಲ. ಕೊಳವೆಯ ಒಲೆಯಾದರೂ ಸರಿ, ಮೇಲೊಂದು ಕೆಳಗೊಂದು ಕಿಂಡಿ ತೆರೆದಿರಬೇಕು, ಕಾರ್ಬನ್ ಮೊನಾಕ್ಸೈಡಿನ ಎಚ್ಚರಿಕೆ ಗಂಟೆ ಒಳಗಿರಬೇಕು, ಮಲಗುವ ಮುನ್ನ ಬೆಂಕಿ ಆರಿರಬೇಕು. ಬಟ್ಟೆಗೆ ಬೆಂಕಿ ತಡೆಯುವ ಲೇಪನವೂ ಬೇಕು. ಹೊರದೇಶದ ಡೇರೆಗಳಲ್ಲಿ ಸಿಪಿಎಐ-84 ಎಂದು ಬರೆದಿರುವುದು ಅದಕ್ಕೆ. ಆ ಲೇಪನವಿದ್ದರೂ ಬಟ್ಟೆ ಸುಡುವುದೇ ಇಲ್ಲ ಎಂದಲ್ಲ.

ನನ್ನ ಸಲಹೆ: ತೂತನ್ನು ಈಗ ಇಡಿಸಬೇಡಿ. ಎರಡು ಚಳಿಗಾಲ ನೋಡಿ. ತೂತನ್ನು ಯಾವಾಗ ಬೇಕಾದರೂ ಕತ್ತರಿಸಬಹುದು, ಕತ್ತರಿಸಿದ್ದನ್ನು ಮೊದಲಿನಂತೆ ಮಾಡಲಾಗುವುದಿಲ್ಲ.

ಕಂಬಳಿ, ಶಿರಾ:

ನಮ್ಮ ಮನೆಯಲ್ಲಿ ಕುರಿಯ ಹಿಂದೆ ಹೋಗುವವರು ವರ್ಷದಲ್ಲಿ ಅರ್ಧ ರಾತ್ರಿಗಳನ್ನು ಬಯಲಲ್ಲೇ ಕಳೆದವರು. ಮಳೆಗೂ ಚಳಿಗೂ ಒಂದೇ ಕರಿಕಂಬಳಿ. ಅದಕ್ಕೆ ಗೂಟ ಬೇಡ. ನಿಮ್ಮ ಚರ್ಚೆ ಓದಿ ಅಜ್ಜನಿಗೆ ಹೇಳಿದೆ. “ಅರ್ಧ ಕ್ವಿಂಟಲ್ ಮನೆ ಹೊತ್ತುಕೊಂಡು ಹೋಗುವವರು ಮನೆ ಬಿಟ್ಟು ಹೋಗುವುದೇಕೆ?” ಎಂದರು. ಉತ್ತರ ನನಗೆ ಹೊಳೆಯಲಿಲ್ಲ, ಯಾರಿಗಾದರೂ ಹೊಳೆದರೆ ಬರೆಯಿರಿ.

ದ್ರಾಕ್ಷಿತೋಟ, ಚಿಕ್ಕಬಳ್ಳಾಪುರ:

ಎಲ್ಲವನ್ನೂ ಓದಿದೆ. ಹಾಕುವುದರ ಬಗ್ಗೆ ಇಷ್ಟು ಬರೆದಿದ್ದೀರಿ, ಕಿತ್ತ ಮೇಲೆ ಏನು ಎಂದು ಒಬ್ಬರೂ ಕೇಳಲಿಲ್ಲ. ಡೇರೆಯನ್ನು ಕಟ್ಟಿ ಗಾಡಿಗೆ ಹಾಕುವ ಕೆಲಸ ಗಂಡಸರದು, ಮನೆಗೆ ಬಂದ ಮೇಲಿನದು ಬೇರೆಯವರದು ಎಂಬ ಲೆಕ್ಕವಿರಬೇಕು.

ನಮ್ಮದು 10ಕ್ಕೆ 12ರ ಕ್ಯಾನ್ವಾಸ್ ಡೇರೆಯಿತ್ತು. ಒಳ್ಳೆಯ ಬಟ್ಟೆ, ಜೋಡಿ ಎಳೆ, ಎಲ್ಲ ಸರಿಯಾಗಿತ್ತು. ಅಕ್ಟೋಬರಿನಲ್ಲಿ ಕೈವಾರದ ಕಡೆ ನೆಂಟರ ಹೊಲದಲ್ಲಿ ಹಾಕಿದ್ದೆವು. ಚಿತ್ತೆ ಮಳೆ. ರಾತ್ರಿಯೆಲ್ಲ ಸುರಿಯಿತು, ಒಳಗೆ ಒಂದು ಹನಿ ಬೀಳಲಿಲ್ಲ. ಎಷ್ಟು ಹೆಮ್ಮೆಪಟ್ಟೆವು! ಬೆಳಗ್ಗೆ ಕೀಳುವಾಗ ಇಬ್ಬರು ಎತ್ತುತ್ತಿದ್ದ ಗಂಟನ್ನು ನಾಲ್ವರು ಎಳೆದೆವು. ನೆನೆದ ಹತ್ತಿಯಲ್ಲವೇ, ತನ್ನ ತೂಕದ ಅರ್ಧದಷ್ಟಾದರೂ ನೀರು ಕುಡಿದಿತ್ತು. ಸೋಮವಾರ ಮಕ್ಕಳಿಗೆ ಶಾಲೆ, ಇವರಿಗೆ ಕಚೇರಿ, ನನಗೆ ತೋಟಕ್ಕೆ ಔಷಧಿ ಹೊಡೆಸುವ ದಿನ. ಡೇರೆ ಜೀಪಿನಲ್ಲೇ ಉಳಿಯಿತು. ಶನಿವಾರ ಬಿಚ್ಚಿದಾಗ ಮಡಿಕೆ ಮಡಿಕೆಗೂ ಕಪ್ಪು ಚುಕ್ಕೆ, ಹಳೆಯ ನೆಲಮಾಳಿಗೆಯ ವಾಸನೆ. ನಿಂಬೆ ರಸ, ಉಪ್ಪು, ಬಿಸಿಲು ಎಲ್ಲ ಮಾಡಿದೆ. ಚುಕ್ಕೆ ತಿಳಿಯಾಯಿತು, ಹೋಗಲಿಲ್ಲ. ಮುಂದಿನ ಪ್ರವಾಸದಲ್ಲಿ ಹಗ್ಗ ಬಿಗಿಯುವಾಗ ಅದೇ ಮಡಿಕೆಯ ಜಾಗದಲ್ಲಿ ಪರ್ ಎಂದು ಹರಿಯಿತು. ಬೂಷ್ಟು ಕಲೆಯಲ್ಲ, ಅದು ನೂಲನ್ನೇ ತಿನ್ನುತ್ತದೆ.

ಆದ್ದರಿಂದ ನನ್ನ ಪ್ರಶ್ನೆ ಒಂದೇ. ಗುಬ್ಬಿಗೂಡಿನವರೇ, ನೀವು ಇದನ್ನು ಎಲ್ಲಿ ಒಣಗಿಸುತ್ತೀರಿ?

ಗುಬ್ಬಿಗೂಡು, ತುಮಕೂರು:

ಮೇಡಂ, ನಿಜ ಹೇಳುತ್ತೇನೆ, ಯೋಚಿಸಿರಲಿಲ್ಲ. ಮೂರನೆಯ ಮಹಡಿಯ ಫ್ಲ್ಯಾಟು. ತಾರಸಿ ಎಲ್ಲರದ್ದು. ಈಗಷ್ಟೇ ಟೇಪು ಹಿಡಿದು ಹೋಗಿ ಬಂದೆ. ನೀರಿನ ಟ್ಯಾಂಕು, ಸೋಲಾರ್, ಡಿಶ್‌ಗಳು ಬಿಟ್ಟು ಖಾಲಿ ಜಾಗ 9ಕ್ಕೆ 11 ಅಡಿ. ಅದರಲ್ಲೂ ಎರಡನೆಯ ಮಹಡಿಯವರ ಸಂಡಿಗೆ.

ಶಾಮಿಯಾನದವರು, ಚಿಕ್ಕಬಳ್ಳಾಪುರ:

ಕೊಳ್ಳುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮೂರಿನ ಯಾವುದಾದರೂ ಶಾಮಿಯಾನ ಅಂಗಡಿಯಲ್ಲಿ ಹಳೆಯ ಹತ್ತಿ ಕನಾತು ಒಂದನ್ನು ಎರಡು ದಿನಕ್ಕೆ ಬಾಡಿಗೆಗೆ ತನ್ನಿ. 15 ಅಡಿ ಉದ್ದ, 6 ಅಡಿ ಎತ್ತರದ್ದು ಸಿಗುತ್ತದೆ. ಪೂರ್ತಿ ನೆನೆಸಿ ಒಣಗಿಸಿ ನೋಡಿ. ಡೇರೆಗೆ ಬೇಕಾಗುವ ಬಟ್ಟೆಯ ಕಾಲುಭಾಗ ಕೂಡ ಅದಿಲ್ಲ.

ಮಂಡಿಲೆಕ್ಕ, ಶ್ರೀನಿವಾಸಪುರ:

90 ಭಾಗಿಸು 390. ಶೇಕಡಾ 23. ಸರಿಯಾಗಿದೆ.

ಹಾಸುಬಂಡೆ, ಮಧುಗಿರಿ:

ಅವರು ಕನಾತು ನೆನೆಸುವಷ್ಟರಲ್ಲಿ ಬೇರೆ ಎರಡು ಮಾತು.

ಡೇರೆ ದೊಡ್ಡದಾದಷ್ಟೂ ಕಣ್ಣಿಗೆ ಬೀಳುತ್ತದೆ. ಗುಮ್ಮಟದ ಟೆಂಟನ್ನು ಪೊದೆಯ ಮರೆಯಲ್ಲಿ ಹಾಕಿ ಬೆಳಗ್ಗೆ ಎದ್ದು ಹೋಗುವ ಕಳ್ಳಾಟ ಇದರಲ್ಲಿ ನಡೆಯುವುದಿಲ್ಲ, ನಡೆಯಲೂ ಬಾರದು. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದು, ಬೆಂಕಿ ಹಾಕುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ. ಬುಕ್ಕಾಪಟ್ಟಣದ ಕಾಡು 2019ರಿಂದ ಚಿಂಕಾರ ವನ್ಯಜೀವಿಧಾಮ, ಅಲ್ಲಿ ಡೇರೆಯ ಯೋಚನೆಯೇ ಬೇಡ. ಪರಿಚಿತರ ಹೊಲ, ತೋಟ ನೋಡಿಕೊಳ್ಳಿ, ಒಡೆಯರನ್ನು ಕೇಳಿ ಹಾಕಿ.

ಇನ್ನೊಂದು ಕರಡಿ. ದೇವರಾಯನದುರ್ಗದಿಂದ ಪಾವಗಡದವರೆಗೆ ಕಲ್ಲುಗುಡ್ಡ ಇರುವ ಕಡೆಯೆಲ್ಲ ಇದೆ, ಚಿರತೆಯೂ ಇದೆ. ಗೋಡೆ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಗೋಡೆಯಾಗುವುದಿಲ್ಲ. ಹಲಸು, ಬಾಳೆಹಣ್ಣು, ಬೆಲ್ಲದ ಡಬ್ಬಿ ಯಾವುದನ್ನೂ ಡೇರೆಯೊಳಗೆ ಇಡಬೇಡಿ, ಗಾಡಿಯಲ್ಲಿಟ್ಟು ಬಾಗಿಲು ಹಾಕಿ. ಕೋಲಾರದ ಬಂಗಾರಪೇಟೆ ಗಡಿಯ ಕಡೆ ಹೋಗುವವರು ಆನೆ ಬಂದಿದೆಯೇ ಎಂದು ಊರವರನ್ನು ಕೇಳದೆ ಗೂಟ ಹೊಡೆಯಬೇಡಿ.

ದ್ರಾಕ್ಷಿತೋಟ, ಚಿಕ್ಕಬಳ್ಳಾಪುರ:

ನೆಲದ ಬಗ್ಗೆಯೂ ಒಂದು ಮಾತು. ಈ ಡೇರೆಗಳಿಗೆ ಸಾಮಾನ್ಯವಾಗಿ ತಳ ಹೊಲಿದಿರುವುದಿಲ್ಲ. ಗೋಡೆಯ ಕೆಳಗೆ ಒಳಕ್ಕೆ ಮಡಚುವ ಒಂದು ಪಟ್ಟಿಯಿರುತ್ತದೆ, ಅದರ ಮೇಲೆ ಟಾರ್ಪಾಲು ಹಾಸಬೇಕು. ಆ ಪಟ್ಟಿ ಹತ್ತಿಯದಾಗದೆ ಪ್ಲಾಸ್ಟಿಕ್ ಲೇಪನದ್ದಾಗಿರಲಿ. ನಮ್ಮ ಕೆಂಪು ನೆಲದಲ್ಲಿ ಹತ್ತಿಯನ್ನು ಮೂರು ದಿನ ಬಿಟ್ಟರೆ ಗೆದ್ದಲಿಗೆ ಹಬ್ಬ. ಚೇಳು, ಕೊಳಕುಮಂಡಲದ ಭಯಕ್ಕೂ ಮಂಚವೇ ಒಳ್ಳೆಯದು. ಹುಣಸೆ ಮರದ ಕೆಳಗೆ ಹಾಕಬೇಡಿ. ದೆವ್ವಕ್ಕಲ್ಲ, ಎಲೆಯಿಂದ ತೊಟ್ಟಿಕ್ಕುವ ನೀರಿಗೆ. ನಮ್ಮ ಅತ್ತೆ ದೆವ್ವಕ್ಕೂ ಬೇಡ ಎನ್ನುತ್ತಾರೆ.

ಗುಬ್ಬಿಗೂಡು, ತುಮಕೂರು:

ಕನಾತಿನ ವರದಿ.

ಶನಿವಾರ ಬೆಳಗ್ಗೆ ಎಂಟಕ್ಕೆ ಸ್ನಾನದ ಮನೆಯಲ್ಲಿ ನೆನೆಸಿದೆ. ಒಣಗಿದ್ದಾಗ ಒಂದು ಕೈಯಲ್ಲಿ ಎತ್ತಿದ್ದನ್ನು ಮೇಲಕ್ಕೆ ಹೊರಲು ಮಗನನ್ನು ಕರೆದೆ. ಮೆಟ್ಟಿಲುಗಳ ಮೇಲೆಲ್ಲ ನೀರಿನ ಗೆರೆ. ತಾರಸಿಯ ಕಟ್ಟೆಗೆ ಇಳಿಬಿಟ್ಟೆ. ಸಂಜೆಯ ಹೊತ್ತಿಗೆ ಮೈ ಒಣಗಿತ್ತು, ಅಂಚಿನ ಮಡಿಕೆ ಮತ್ತು ಹಗ್ಗ ಹೊಲಿದ ಜಾಗ ಒದ್ದೆಯೇ. ರಾತ್ರಿ ಇಬ್ಬನಿ ಬಿದ್ದು ಎಲ್ಲ ಮೊದಲಿಗೆ ಬಂತು. ಭಾನುವಾರ ಮಧ್ಯಾಹ್ನ ಮೂರಕ್ಕೆ ಮಡಿಕೆಯೂ ಒಣಗಿತು. ಅಷ್ಟರಲ್ಲಿ ಸಂಘದ ಕಾರ್ಯದರ್ಶಿಗಳು ಗುಂಪಿನಲ್ಲಿ “ತಾರಸಿಯ ಮೇಲೆ ಸಭಾಂಗಣ ಕಟ್ಟುತ್ತಿರುವವರು ದಯವಿಟ್ಟು ಗಮನಿಸಿ” ಎಂದು ಹಾಕಿದ್ದರು. ಸಂಡಿಗೆಯ ಮನೆಯವರು ಇನ್ನೂ ಮಾತನಾಡಿಲ್ಲ.

ಇದರ ನಾಲ್ಕು ಪಟ್ಟು, ಜೋಡಿ ಮಾಡಾದರೆ ಅದಕ್ಕಿಂತ ಹೆಚ್ಚು. ಈ ಫ್ಲ್ಯಾಟಿನಲ್ಲಿ ಆಗದ ಮಾತು. ನಾಲ್ವರೂ ಕುಳಿತು ಮಾತನಾಡಿದೆವು. ಒಬ್ಬನ ವಾದ ಡೇರೆಯ ಆಸೆಯನ್ನೇ ಬಿಡೋಣ ಎಂದು. ಇನ್ನೊಬ್ಬ ಹತ್ತಿ-ಪಾಲಿಯೆಸ್ಟರ್ ಮಿಶ್ರಣದ ಬಟ್ಟೆ, ಬೇಗ ಒಣಗುತ್ತದೆ, ಹಗುರ ಎಂದ. ಅದೂ ಯೋಚಿಸಬೇಕಾದದ್ದೇ.

ಶಾಮಿಯಾನದವರು, ಚಿಕ್ಕಬಳ್ಳಾಪುರ:

ಮಿಶ್ರಣದ್ದು ಹಗುರ ನಿಜ. ಬೇಗ ಒಣಗುವುದೂ ನಿಜ. ಆದರೆ ಅದನ್ನೂ ಒದ್ದೆಯಾಗಿ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಹತ್ತಿಯ ಅಂಶ ಇದೆಯಲ್ಲ. ಕಿಡಿ ಬಿದ್ದರೆ ಪಾಲಿಯೆಸ್ಟರ್ ಕರಗುತ್ತದೆ. ಒಲೆ ಇಡುವುದಿಲ್ಲ ಎಂದಾದರೆ ತೊಂದರೆಯಿಲ್ಲ.

ಚಳಿಗಾಲ, ಗೌರಿಬಿದನೂರು:

ಒಲೆಯ ವಿಷಯ ಮತ್ತೆ ಜಾರಿತು.

ಹಳೇ ಸಿಪಾಯಿ, ಕೋಲಾರ:

ನಾಲ್ವರಲ್ಲಿ ಹಳ್ಳಿಯಲ್ಲಿ ಮನೆ ಇರುವವರು ಯಾರೂ ಇಲ್ಲವೇ? ಡೇರೆ ಹಾಕುವವನ ಮನೆಯಲ್ಲೇ ಇರಬೇಕೆಂದು ಕಾನೂನಿಲ್ಲ.

ಗುಬ್ಬಿಗೂಡು, ತುಮಕೂರು:

ಅದೇ ದಾರಿ ಹಿಡಿದೆವು ಸರ್. ಗುಬ್ಬಿ ತಾಲ್ಲೂಕಿನಲ್ಲಿ ಅಪ್ಪನ ಮನೆ, ತೆಂಗಿನ ತೋಟ, ಮುಂದೆ ಕಣ. ಮೊದಲು ಫೋನಿನಲ್ಲಿ ಕೇಳಿದಾಗ ಅಪ್ಪ “ಕಣ ಬೇಕಾದರೆ ರಾಗಿ ಬರುವ ಮುಂಚೆ ಒಣಗಿಸಿಕೋ” ಎಂದರು. ರಾಗಿ ಕೊಯ್ಲು ನವೆಂಬರ್, ಡಿಸೆಂಬರ್. ನಾವು ಡೇರೆ ಹಾಕುವ ಕಾಲವೂ ಅದೇ! ಅಟ್ಟದಲ್ಲಿ ಇಡಲೇ ಎಂದರೆ ಅಲ್ಲಿ ಕೊಬ್ಬರಿಗೆ ಬಿಟ್ಟ ಕಾಯಿ, ಕಾಯಿಯ ಜೊತೆ ಇಲಿ. ಕೊನೆಗೆ ಒಪ್ಪಂದವಾದದ್ದು ಹೀಗೆ: ಒಣಗಿಸುವುದು ತೋಟದಲ್ಲಿ, ಎರಡು ತೆಂಗಿನ ಮರಗಳ ನಡುವೆ ಹಗ್ಗ ಕಟ್ಟಿ, ನೆತ್ತಿ ಮೇಲೆ ಬರುವಂತೆ ಇಳಿಬಿಟ್ಟು. ಇಡುವುದು ಹಳೆಯ ರಾಗಿಯ ತಗಡಿನ ಪೆಟ್ಟಿಗೆಯಲ್ಲಿ, ಒಣ ಬೇವಿನ ಸೊಪ್ಪಿನ ಜೊತೆ. ಪ್ರವಾಸ ಮುಗಿಸಿ ಬರುವಾಗ ಗುಬ್ಬಿಯ ಮೇಲೆ ಬಂದು, ಡೇರೆಯನ್ನು ತೋಟದಲ್ಲಿ ಇಳಿಬಿಟ್ಟು ತುಮಕೂರಿಗೆ ಬರುವುದು. ಇಳಿಸಿ ಮಡಚುವವರು ಅಪ್ಪ. ಅದಕ್ಕೆ ಕೂಲಿಯಾಗಿ ವರ್ಷಕ್ಕೊಮ್ಮೆ ಅವರನ್ನೂ ಕರೆದುಕೊಂಡು ಹೋಗಬೇಕಂತೆ.

ಇಷ್ಟಾದ ಮೇಲೆ ಉಳಿದದ್ದೆಲ್ಲ ತಾನಾಗಿ ಇತ್ಯರ್ಥವಾಯಿತು. 10ಕ್ಕೆ 12 ಅಡಿ, ಎರಡು ಮಂಚ, ಉಳಿದವರಿಗೆ ಚಾಪೆ. ಅಪ್ಪ ಒಬ್ಬರೇ ಎತ್ತಿ ಮಡಚಬೇಕಾದ್ದರಿಂದ 340 ಜಿಎಸ್‌ಎಂ ಬಟ್ಟೆ, ಮೇಲಿನ ಮಾಡು ಬೇರೆಯಾಗಿ ಬಿಚ್ಚುವಂಥದ್ದು. ತೂತು ಸದ್ಯಕ್ಕಿಲ್ಲ. ಹೊಲಿಸುವುದು ಇಲ್ಲೇ. ಬಟ್ಟೆಯ ಒಂದು ಮೀಟರ್ ತುಂಡು ಈಗ ಬಕೆಟ್ಟಿನಲ್ಲಿ ನೆನೆಯುತ್ತಿದೆ.

ಕಂಬಳಿಯವರ ಅಜ್ಜನ ಪ್ರಶ್ನೆಯನ್ನು ಅಪ್ಪನಿಗೂ ಕೇಳಿದೆ. “ಅವರು ಒಬ್ಬರೇ ಹೋಗುತ್ತಿದ್ದರು, ನೀವು ನಾಲ್ಕು ಮನೆಯವರು ಹರಟೆ ಹೊಡೆಯಲು ಹೋಗುತ್ತೀರಿ, ಹರಟೆಗೆ ಜಗಲಿ ಬೇಕು” ಎಂದರು.

ಕಂಬಳಿ, ಶಿರಾ:

ಅಜ್ಜ ಒಪ್ಪಿದರು.

ಮಂಡಿಲೆಕ್ಕ, ಶ್ರೀನಿವಾಸಪುರ:

ತೆಂಗಿನ ಮರದಿಂದ ಮರಕ್ಕೆ 25ರಿಂದ 30 ಅಡಿ ಅಂತರವಿರುತ್ತದೆ. ನಿಮ್ಮ ನೆತ್ತಿ 12 ಅಡಿ. ಹಗ್ಗ ನಡುವೆ ಜೋತು ಬಿದ್ದು ಗೋಡೆಯ ಅಂಚು ನೆಲ ಮುಟ್ಟುತ್ತದೆ. ಮಾಡಿನ ಇಳಿಜಾರು ಆರು ಅಡಿ, ಗೋಡೆ ಐದು ಅಡಿ, ಒಟ್ಟು ಹನ್ನೊಂದು ಅಡಿ ಜೋಲುತ್ತದೆ ಎಂದು ಲೆಕ್ಕ ಹಾಕಿ, ಹಗ್ಗವನ್ನು ಹದಿಮೂರು ಅಡಿ ಎತ್ತರದಲ್ಲಿ ಕಟ್ಟಿ. ಅಥವಾ ಗೋಡೆಗಳನ್ನು ಎತ್ತಿ ಹಗ್ಗಕ್ಕೇ ಸಿಕ್ಕಿಸಿ.

ಹಾಸುಬಂಡೆ, ಮಧುಗಿರಿ:

ಕಾಯಿ ಇರುವ ಮರಗಳ ನಡುವೆ ಕಟ್ಟಬೇಡಿ. ಹದಿಮೂರು ಅಡಿಯ ಏಣಿಯ ಮೇಲೆ ನಿಂತವರ ತಲೆಯ ವಿಷಯ.

ಗುಬ್ಬಿಗೂಡು, ತುಮಕೂರು:

ಕಾಯಿ ಕೀಳುವವರು ಬರುವುದು ಮುಂದಿನ ಮಂಗಳವಾರ. ಹಗ್ಗ ಬುಧವಾರ ಕಟ್ಟುತ್ತೇವೆ.